ಅಂಗಡಿಗೆ ಕೊಡಬೇಡಿ, ನೀವೇ ಜೋಡಿಸಿ

ಬೆಂಗಳೂರಿನ ಎಸ್‌ಪಿ ರೋಡಿನಿಂದ ಹೊಸ ಕಂಪ್ಯೂಟರ್‌ನ ಪಾರ್ಟ್ಸ್ ಎಲ್ಲ ತಂದಾಗಿದೆ, ಏನಾದರೂ ಸುಟ್ಟುಹೋದರೆ ಅಂತ ಭಯ, ಅಂಗಡಿಯವರಿಗೇ ಜೋಡಿಸಲು ಕೊಡಲಾ ಅಂತ ಕೇಳಿದ್ದೀರಿ. ಬೇಡ ಸರ್, ನೀವೇ ಮಾಡಿ. ಎಲ್ಲಿ ಬಲ ಹಾಕಬೇಕು, ಎಲ್ಲಿ ಹಾಕಲೇಬಾರದು ಅಂತ ಗೊತ್ತಿದ್ದರೆ ಅರ್ಧ ಭಯ ಹೋದ ಹಾಗೆ.

ಬಲ ಹಾಕಲೇಬಾರದ್ದು ಸಿಪಿಯುಗೆ, ಅಂದರೆ ಪ್ರೊಸೆಸರ್ ಚಿಪ್‌ಗೆ. ನಿಮ್ಮ ರೈಜನ್ 5 7600 ಕೂರೋದು ಎಎಂ5 ಸಾಕೆಟ್‌ನಲ್ಲಿ. ಹಳೇ ಎಎಂ4ನಲ್ಲಿ ಪಿನ್ನುಗಳು ಸಿಪಿಯು ಅಡಿಯಲ್ಲಿದ್ದವು, ಇದರಲ್ಲಿ ಮದರ್‌ಬೋರ್ಡಿನ ಮೇಲೇ 1718 ಪಿನ್ನುಗಳಿವೆ. ಬಗ್ಗಿದರೆ ವಾರಂಟಿ ಸಿಗೋದು ಕಷ್ಟ. ಮೂಲೆಯ ತ್ರಿಕೋನದ ಗುರುತು ಹೊಂದಿಸಿ, ಸುಮ್ನೆ ಇಟ್ಟು ಕೈ ತೆಗೆಯಿರಿ. ಸಾಕೆಟ್ ಮುಚ್ಚುವ ಲಿವರ್ ಮಾತ್ರ ಗಟ್ಟಿಯಾಗಿರುತ್ತದೆ. ಒತ್ತುವಾಗ ಕರಕರ ಅನ್ನುತ್ತದೆ, ಮೇಲಿನ ಪ್ಲಾಸ್ಟಿಕ್ ಮುಚ್ಚಳ ತಾನಾಗೇ ಎದ್ದು ಬರುತ್ತದೆ. ಏನೋ ಮುರೀತು ಅಂತ ಎದೆ ಧಸಕ್ ಅನ್ನೋದು ಇಲ್ಲೇ. ಏನೂ ಆಗಿರಲ್ಲ. ಮುಚ್ಚಳ ಎಸೆಯಬೇಡಿ, ಬೋರ್ಡ್ ವಾರಂಟಿಗೆ ಕಳಿಸುವಾಗ ಕೇಳುತ್ತಾರೆ.

ರ‍್ಯಾಮ್ (ಮೆಮೊರಿ ಪಟ್ಟಿ) ಇದಕ್ಕೆ ತದ್ವಿರುದ್ಧ. ಎರಡು ಸ್ಟಿಕ್ ಇದ್ದರೆ ಸಿಪಿಯು ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟ್. ಟಕ್ ಅನ್ನೋವರೆಗೂ ಒತ್ತಿ. ಸಂಕೋಚಪಟ್ಟು ಅರ್ಧ ಒತ್ತಿ ಬಿಟ್ಟರೆ ಪಿಸಿ ಆನ್ ಆಗಲ್ಲ.

ಬಾಕ್ಸ್‌ನಲ್ಲಿ ಬಂದ ಕೂಲರ್‌ಗೆ ಶಾಖ ಸಾಗಿಸುವ ಪೇಸ್ಟ್ ಹಚ್ಚಿಯೇ ಬಂದಿರುತ್ತದೆ, ಬೆರಳು ತಾಗಿಸಬೇಡಿ. ಬೋರ್ಡಿನ ಮೇಲಿರುವ ಎರಡು ಪ್ಲಾಸ್ಟಿಕ್ ಬ್ರ್ಯಾಕೆಟ್ ಬಿಚ್ಚಿ, ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಫ್ಯಾನ್ ವೈರ್ ಸಿಪಿಯು ಫ್ಯಾನ್ ಅಂತ ಬರೆದಿರುವ ಪಿನ್ನಿಗೆ.

ಈಗ ಮುಖ್ಯವಾದದ್ದು. ಬೋರ್ಡನ್ನು ಕ್ಯಾಬಿನೆಟ್ ಒಳಗೆ ಹಾಕೋ ಮೊದಲೇ ಆನ್ ಮಾಡಿ ನೋಡಿ. ಬೋರ್ಡಿನ ರಟ್ಟಿನ ಡಬ್ಬದ ಮೇಲೇ ಇಟ್ಟು, ಎಸ್‌ಎಂಪಿಎಸ್‌ನ (ಕರೆಂಟ್ ಕೊಡುವ ಡಬ್ಬದ) 24 ಪಿನ್ ಕೇಬಲ್ ಮತ್ತು ಸಿಪಿಯುನ 8 ಪಿನ್ ಕೇಬಲ್ ಹಾಕಿ. ಗ್ರಾಫಿಕ್ಸ್ ಕಾರ್ಡ್ ಆಮೇಲೆ ಹಾಕಿದರಾಯ್ತು, 7600ಗೆ ಡಿಸ್‌ಪ್ಲೇ ಒಳಗೇ ಇದೆ. ಎಚ್‌ಡಿಎಂಐ ಬೋರ್ಡಿಗೇ ಚುಚ್ಚಿ. ಮ್ಯಾನ್ಯುಯಲ್ ನೋಡಿ ಪವರ್ ಸ್ವಿಚ್ಚಿನ ಎರಡು ಪಿನ್ ಹುಡುಕಿ, ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಎರಡನ್ನೂ ಮುಟ್ಟಿಸಿ. ಶಾಕ್ ಹೊಡೆಯಲ್ಲ, ಅಲ್ಲಿರೋದು ಸಣ್ಣ ವೋಲ್ಟೇಜ್. ಬೇರೆ ಪಿನ್ನಿಗೆ ಮಾತ್ರ ತಾಗಬಾರದು.

ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪಗೇ ಇರುತ್ತದೆ. ಗಾಬರಿಯಾಗಿ ಆಫ್ ಮಾಡಬೇಡಿ. ಡಿಡಿಆರ್5 ಮೊದಲ ಸಲ ಮೆಮೊರಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಕಾಫಿ ಕುಡಿದು ಬನ್ನಿ. ಕಾಲು ಗಂಟೆಯಾದರೂ ಏನೂ ಬರಲಿಲ್ಲ ಅಂದರೆ ಬೋರ್ಡಿನ ಅಂಚಿನ ಪುಟ್ಟ ಲೈಟ್‌ಗಳನ್ನು ನೋಡಿ. ಡಿರ‍್ಯಾಮ್ ಅಂತ ಬರೆದಿರುವುದರ ಪಕ್ಕದ್ದು ಉರಿಯುತ್ತಿದ್ದರೆ ಪವರ್ ತೆಗೆದು ಒಂದೇ ಸ್ಟಿಕ್ ಹಾಕಿ ನೋಡಿ. ಅಂಗಡಿಯವರು ಜೋಡಿಸಿ ಕೊಟ್ಟಿದ್ದರೆ ಇದಕ್ಕೂ ಡಬ್ಬ ಹೊತ್ತು ಅಲ್ಲಿಗೇ ಹೋಗಬೇಕಿತ್ತು ಅಲ್ವಾ?

ಬಯಾಸ್ ಸ್ಕ್ರೀನ್ (ಬೋರ್ಡಿನದೇ ಸೆಟ್ಟಿಂಗ್ ಪುಟ) ಬಂದ ಮೇಲೆ ಬೋರ್ಡನ್ನು ಕ್ಯಾಬಿನೆಟ್‌ಗೆ ಕೂರಿಸಿ. ಮುಂದಿನ ಪ್ಯಾನೆಲ್‌ನ ಸಣ್ಣ ವೈರ್‌ಗಳು ತಲೆ ತಿಂದರೆ ಬೋರ್ಡಿನ ಆ ಮೂಲೆಯ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.