ಎಂಬಿಬಿಎಸ್ ಎರಡನೇ ವರ್ಷದಲ್ಲಿ ಟಿಬಿ ಬಂದಿದೆ, ಒಂದು ವರ್ಷ ರಜೆ ತಗೋಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಊರು ಸುರಪುರದ ಕಡೆ, ಓದುತ್ತಿರುವುದು ಕಲಬುರಗಿಯ ಸರ್ಕಾರಿ ಕಾಲೇಜಿನಲ್ಲಿ, ಎರಡನೇ ವರ್ಷ. ಶ್ವಾಸಕೋಶದ ಟಿಬಿ ಅಂತ ಗೊತ್ತಾಗಿದೆ, ಆರು ತಿಂಗಳು ಮಾತ್ರೆ ಹೇಳಿದ್ದಾರೆ, ಈಗಾಗಲೇ 3 ವಾರ ಕ್ಲಾಸ್ ತಪ್ಪಿದೆ. ಮನೆಯಲ್ಲಿ ಅಪ್ಪ “ಟಿಸಿ ತಗೊಂಡ್ ಬಂದ್ಬಿಡು, ಜೀವ ಇದ್ರ ಸಾಕು” ಅಂತಿದ್ದಾರೆ. ವರ್ಷ ರಜೆ ಹಾಕಿದರೆ ಸೀಟು ಉಳಿಯುತ್ತದೋ ಇಲ್ಲವೋ, ಕೋರ್ಸ್ ಮುಗಿಸಲು ಇರುವ ಒಂಬತ್ತು ವರ್ಷದ ಮಿತಿ ಮೀರುತ್ತದೋ ಅನ್ನೋದು ನಿಮ್ಮ ಭಯ.

ಮೊದಲು ಅಪ್ಪನ ಮಾತಿಗೆ ಬರೋಣ. ಟಿಸಿ ತಗೋಬೇಡಿ. ರಜೆ ಬೇರೆ, ಕೋರ್ಸ್ ಬಿಡೋದು ಬೇರೆ. “ಅನಾರೋಗ್ಯದಿಂದ ಓದು ಮುಂದುವರಿಸಲು ಆಗುತ್ತಿಲ್ಲ, ದಾಖಲೆ ವಾಪಸ್ ಕೊಡಿ” ಅಂತ ಒಂದು ಸಾಲು ಬರೆದು ಸಹಿ ಹಾಕಿದರೆ, ಕಚೇರಿ ಅದನ್ನು ಸೀಟು ಬಿಟ್ಟ ಹಾಗೆ ಓದುತ್ತದೆ. ಆಮೇಲೆ ಬಾಂಡಿನ (ಸೇರುವಾಗ ಬರೆದುಕೊಟ್ಟ ಒಪ್ಪಂದದ) ದಂಡದ ಮಾತು ಏಳುತ್ತದೆ, ವಾಪಸ್ ಬರಬೇಕಾದರೆ ನೀಟ್ ಮತ್ತೆ ಬರೀಬೇಕು. ಮನೆಯವರು ಗಾಬರಿಯಲ್ಲಿ ಒಬ್ಬರೇ ಕಾಲೇಜಿಗೆ ಹೋಗಿ ಇಂಥ ಅರ್ಜಿ ಕೊಟ್ಟು ಬರುವುದು ಅಪರೂಪವೇನಲ್ಲ. ಅದಕ್ಕೇ ಅರ್ಜಿ ನೀವೇ ಬರೀರಿ, ಅಪ್ಪನ ಸಹಿ ಕೆಳಗೆ ಇರಲಿ.

ಈಗ ಲೆಕ್ಕ. ರಜೆ ಮಂಜೂರಾದರೆ ಹಾಜರಿ ಸಿಗುತ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಸಿಗೋದಿಲ್ಲ. ಡೀನ್ ಸಹಿ ಹಾಕಿದ ರಜೆಯಾದರೂ ರಿಜಿಸ್ಟರಿನಲ್ಲಿ ಗೈರುಹಾಜರಿಯೇ. ಪರೀಕ್ಷೆಗೆ ಕೂರಬೇಕಾದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಂತೆ ಥಿಯರಿಯಲ್ಲಿ 75%, ಪ್ರಾಕ್ಟಿಕಲ್ ಮತ್ತು ಕ್ಲಿನಿಕಲ್‌ನಲ್ಲಿ 80% ಬೇಕು, ಅದೂ ಪ್ರತಿ ವಿಷಯಕ್ಕೆ ಬೇರೆ ಬೇರೆ. ಪೆಥಾಲಜಿಯಲ್ಲಿ 90 ಇದ್ದು ಮೈಕ್ರೋಬಯಾಲಜಿಯಲ್ಲಿ 72 ಇದ್ದರೆ ಸರಾಸರಿ ತೆಗೆಯೋ ಹಾಗಿಲ್ಲ. ಒಂದು ವರ್ಷದ ಫೇಸಿನಲ್ಲಿ (ಕೋರ್ಸಿನ ಹಂತದಲ್ಲಿ) ಪರೀಕ್ಷೆ, ರಜೆಗಳನ್ನು ಕಳೆದರೆ ಪಾಠ ನಡೆಯುವುದು ಸುಮಾರು 39 ವಾರ. ಅದರ 20% ಅಂದರೆ ಎಂಟು ವಾರಕ್ಕೂ ಸ್ವಲ್ಪ ಕಡಿಮೆ. ನಿಮ್ಮ ಕೈಯಲ್ಲಿರುವ ಬಂಡವಾಳ ಅಷ್ಟೇ. ಅದರಲ್ಲಿ 3 ವಾರ ಖರ್ಚಾಗಿದೆ. ಜೊತೆಗೆ ರೋಗ ಗೊತ್ತಾಗುವ ಮೊದಲು ಕೆಮ್ಮು, ಜ್ವರ ಅಂತ ತಪ್ಪಿಸಿದ ದಿನ, ಹಬ್ಬಕ್ಕೆ ಊರಿಗೆ ಹೋದ ದಿನ ಎಲ್ಲ ಸೇರಿಸಿ. ಹಾಗಾಗಿ ಇವತ್ತೇ ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ ಮೂರೂ ವಿಭಾಗಗಳಲ್ಲಿ ನಿಮ್ಮ ನಿಜವಾದ ಶೇಕಡಾವಾರು ಬರೆಸಿಕೊಳ್ಳಿ. ಗೆಳತಿಯ ಹತ್ತಿರ ಕೇಳಿದ ಅಂದಾಜು ಬೇಡ, ವಿಭಾಗದ ರಿಜಿಸ್ಟರಿನ ಅಂಕಿ ಬೇಕು.

ವಾರ್ಡ್ ಪೋಸ್ಟಿಂಗಿನ (ಆಸ್ಪತ್ರೆಯ ವಿಭಾಗಗಳಲ್ಲಿ ಸರದಿಯ ಕಲಿಕೆ) ಲೆಕ್ಕ ಇನ್ನೂ ಬಿಗಿ. ಎರಡು ವಾರದ ಒಂದು ಪೋಸ್ಟಿಂಗ್ ಪೂರ್ತಿ ತಪ್ಪಿದರೆ ಆ ವಿಭಾಗದಲ್ಲಿ ನಿಮ್ಮ ಹಾಜರಿ ಸೊನ್ನೆ. ಒಟ್ಟಾರೆ ಶೇಕಡಾವಾರು ಚೆನ್ನಾಗಿದ್ದರೂ ಆ ಪೋಸ್ಟಿಂಗನ್ನು ಬೇರೆ ಬ್ಯಾಚಿನ ಜೊತೆ ಮಾಡಿ, ಕೊನೆಯ ಟೆಸ್ಟ್ ಕೊಟ್ಟು, ಲಾಗ್‌ಬುಕ್ಕಿಗೆ ಸಹಿ ಹಾಕಿಸಬೇಕು. ಸಹಿ ಮಾಡಬೇಕಾದ ಯೂನಿಟ್ ಚೀಫ್ ವರ್ಗವಾಗಿ ಹೋದರೆ ಆ ಪುಟ ಹಿಡಿದು ಅಲೆದಾಟ ಶುರು. ಫ್ಯಾಮಿಲಿ ಅಡಾಪ್ಷನ್‌ಗೆ ನಿಮಗೆ ಹಂಚಿದ ಹಳ್ಳಿಯ ಕುಟುಂಬಗಳ ಭೇಟಿಯನ್ನೂ ಮರೀಬೇಡಿ. ಅದು ಚಿಕ್ಕದು ಅಂತ ಬಿಟ್ಟವರು ಕೊನೆಗೆ ಕಮ್ಯುನಿಟಿ ಮೆಡಿಸಿನ್ ವಿಭಾಗದ ಬಾಗಿಲಲ್ಲಿ ನಿಲ್ಲುತ್ತಾರೆ.

ಇನ್ನು ನಿಮ್ಮ ಕಾಯಿಲೆಗೆ ನಿಜವಾಗಿ ಎಷ್ಟು ದಿನ ಬೇಕು? ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ (ಟಿಬಿ ಪತ್ತೆಯ ಪರೀಕ್ಷೆಗಳು) ವರದಿಯಲ್ಲಿ ರಿಫಾಂಪಿಸಿನ್ ರೆಸಿಸ್ಟೆನ್ಸ್ (ಆ ಔಷಧಕ್ಕೆ ರೋಗಾಣು ಬಗ್ಗದಿರುವುದು) ಇಲ್ಲ ಅಂತಿದ್ದರೆ ಇದು ಮಾಮೂಲಿ ಟಿಬಿ: 2 ತಿಂಗಳು ನಾಲ್ಕು ಔಷಧ, ಆಮೇಲೆ 4 ತಿಂಗಳು ಮೂರು ಔಷಧ, ದಿನಾ ತೂಕಕ್ಕೆ ತಕ್ಕ ಮಾತ್ರೆ. ಔಷಧ ಸರಿಯಾಗಿ ತಗೊಂಡರೆ ಸಾಮಾನ್ಯವಾಗಿ ಎರಡು ವಾರದ ನಂತರ ಇನ್ನೊಬ್ಬರಿಗೆ ಹರಡುವುದು ತುಂಬಾ ತಗ್ಗುತ್ತದೆ. ಅಂದರೆ ಆರು ತಿಂಗಳ ಮಾತ್ರೆಗೆ ಆರು ತಿಂಗಳ ರಜೆ ಬೇಕಾಗಿಲ್ಲ. ಜ್ವರ ಇಳಿದು, ಊಟ ಸೇರಿ, ನಡೆದರೆ ದಣಿವಾಗದ ಸ್ಥಿತಿಗೆ ಬಂದರೆ, ಚಿಕಿತ್ಸೆ ಕೊಡುತ್ತಿರುವ ವೈದ್ಯರು ಒಪ್ಪಿದರೆ, ನಾಲ್ಕೈದು ವಾರದ ಒಟ್ಟು ಗೈರಿನಲ್ಲೇ ಕ್ಲಾಸಿಗೆ ಮರಳಬಹುದು. ರೆಸಿಸ್ಟೆನ್ಸ್ ಇದ್ದರೆ, ಎದೆಗೂಡಿನಲ್ಲಿ ನೀರು ತುಂಬಿದ್ದರೆ, ಮಾತ್ರೆಯಿಂದ ಲಿವರ್ ಕೆಟ್ಟು ಔಷಧ ನಿಲ್ಲಿಸಿ ಮತ್ತೆ ಒಂದೊಂದಾಗಿ ಶುರು ಮಾಡಬೇಕಾಗಿ ಬಂದರೆ ಲೆಕ್ಕವೇ ಬೇರೆ. ವಾಂತಿ, ಕಣ್ಣು ಹಳದಿ ಕಂಡರೆ ಕಾಯಬೇಡಿ. ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರಿಗೆ ಏನು ಮಾಡುತ್ತವೆ ಅನ್ನೋದು ಈ ವರ್ಷದ ನಿಮ್ಮ ಫಾರ್ಮಕಾಲಜಿ ಪಾಠವೇ.

ನನ್ನ ಅಭಿಪ್ರಾಯ ಇದು. ಒಟ್ಟು ಗೈರು ಆರು ವಾರದೊಳಗೆ ನಿಲ್ಲುತ್ತದೆ ಅಂತ ವೈದ್ಯರು ಹೇಳಿದರೆ ವರ್ಷ ಬಿಡಬೇಡಿ. ಎಂಟು ವಾರ ದಾಟುವುದು ಖಚಿತವಾದರೆ ಅರೆಬರೆ ಬರಬೇಡಿ, ಪೂರ್ತಿ ಬಿಟ್ಟು ಮುಂದಿನ ಬ್ಯಾಚಿನ ಜೊತೆ ಫೇಸಿನ ಮೊದಲ ದಿನದಿಂದ ಕೂತುಕೊಳ್ಳಿ. ಎಲ್ಲಕ್ಕಿಂತ ಕೆಟ್ಟದ್ದು ನಡುವಿನ ದಾರಿ. ಮೂರು ತಿಂಗಳು ಬಿಟ್ಟು, ಇನ್ನೂ ಸುಸ್ತಿರುವಾಗಲೇ ಬಂದು, ರಾತ್ರಿ ಓದಿ ಇಂಟರ್ನಲ್ಸ್ (ಕಾಲೇಜೇ ನಡೆಸುವ ಪರೀಕ್ಷೆ) ಬರೆದು, ಕೊನೆಗೆ ಹಾಜರಿ ಶಾರ್ಟೇಜ್ ಪಟ್ಟಿಯಲ್ಲಿ ಹೆಸರು ಬಂದರೆ ವರ್ಷವೂ ಹೋಯಿತು, ಆರೋಗ್ಯವೂ ಹೋಯಿತು. ಇನ್ನೊಂದು ಕಾರಣವೂ ಇದೆ. ಮುಖ್ಯ ಬ್ಯಾಚಿನಿಂದ ಕೆಲವೇ ತಿಂಗಳು ಹಿಂದೆ ಬಿದ್ದವರ ಇಂಟರ್ನ್‌ಶಿಪ್ ತಡವಾಗಿ ಮುಗಿಯುತ್ತದೆ. ನೀಟ್ ಪಿಜಿಗೆ (ಸ್ನಾತಕೋತ್ತರ ಪ್ರವೇಶ ಪರೀಕ್ಷೆ) ಇಂಟರ್ನ್‌ಶಿಪ್ ಮುಗಿದಿರಬೇಕಾದ ಕಡೆಯ ದಿನ ಅಂತ ಒಂದು ಇರುತ್ತದೆ, ಅದು ಸ್ವಲ್ಪದರಲ್ಲಿ ತಪ್ಪಿದರೂ ಮತ್ತೊಂದು ವರ್ಷ ಕಾಯಬೇಕು. ಪೂರ್ತಿ ಒಂದು ವರ್ಷ ಹಿಂದೆ ಬಿದ್ದವರಿಗೆ ಈ ತೊಂದರೆ ಇಲ್ಲ, ಅವರು ಜೂನಿಯರ್‌ಗಳ ಜೊತೆ ಸರಿಯಾಗಿ ಹೊಂದಿಕೊಳ್ಳುತ್ತಾರೆ.

ಒಂಬತ್ತು ವರ್ಷದ ಮಿತಿಯ ಬಗ್ಗೆಯೂ ಕೇಳಿದ್ದೀರಿ. 2023ರ ನಿಯಮದ ಪ್ರಕಾರ ಸೇರಿದ ದಿನದಿಂದ 9 ವರ್ಷ ಮೀರಿ ಎಂಬಿಬಿಎಸ್ ಮುಂದುವರಿಸುವಂತಿಲ್ಲ, ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ. ರಜೆಯಲ್ಲಿದ್ದರೂ ಈ ಗಡಿಯಾರ ನಿಲ್ಲುವುದಿಲ್ಲ. ಆದರೆ ಓದಿನ ಅವಧಿ ನಾಲ್ಕೂವರೆ ವರ್ಷ, ಮೊದಲ ವರ್ಷ ನೀವು ಪಾಸಾಗಿದ್ದೀರಿ. ಒಂದು ವರ್ಷ ಹೋದರೂ ಮೂರೂವರೆ ವರ್ಷ ಉಳಿದಿರುತ್ತದೆ. ಇದಕ್ಕೆ ನಿದ್ದೆಗೆಡಬೇಡಿ. ಎಚ್ಚರ ಬೇಕಾದದ್ದು ಇನ್ನೊಂದಕ್ಕೆ: ಹಾಲ್ ಟಿಕೆಟ್ ತಗೊಂಡು ಒಂದು ಪೇಪರ್ ಬರೆದು, ಆಗಲ್ಲ ಅಂತ ಮನೆಗೆ ಹೋದರೆ ಅದೂ ಒಂದು ಅಟೆಂಪ್ಟ್ ಆಗುತ್ತದೆ. ಕೂರುವುದಾದರೆ ಪೂರ್ತಿ ಕೂರಿ, ಇಲ್ಲದಿದ್ದರೆ ಪರೀಕ್ಷೆ ಫಾರ್ಮ್ ತುಂಬುವ ಮೊದಲೇ ನಿರ್ಧರಿಸಿ.

ಕಾಗದಪತ್ರ. ಅರ್ಜಿ ನಿರ್ದೇಶಕರು ಅಥವಾ ಡೀನ್ ಹೆಸರಿಗೆ, ನಿಮ್ಮ ಮೆಂಟರ್ ಮತ್ತು ಮೂರೂ ವಿಭಾಗದ ಮುಖ್ಯಸ್ಥರ ಮೂಲಕ. ಇಷ್ಟು ಸಾಕು:

“ವಿಷಯ: ವೈದ್ಯಕೀಯ ಕಾರಣದಿಂದ ವ್ಯಾಸಂಗಕ್ಕೆ ತಾತ್ಕಾಲಿಕ ರಜೆ ಮತ್ತು ಮರಳಿ ಸೇರಲು ಅನುಮತಿ ಕೋರಿ. ನಾನು ಎರಡನೇ ಫೇಸಿನ ವಿದ್ಯಾರ್ಥಿನಿ, ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ ಇಂಥದ್ದು. ಚಿಕಿತ್ಸೆಯಲ್ಲಿರುವುದರಿಂದ ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ತರಗತಿಗೆ ಹಾಜರಾಗಲು ಸಾಧ್ಯವಿಲ್ಲ. ನನ್ನ ಸೀಟನ್ನು ಬಿಟ್ಟುಕೊಡುತ್ತಿಲ್ಲ. ಫಿಟ್‌ನೆಸ್ ಪ್ರಮಾಣಪತ್ರದೊಂದಿಗೆ ಮರಳಿ ಸೇರಲು ಅನುಮತಿ ನೀಡಬೇಕು. ಈವರೆಗಿನ ಹಾಜರಿ ಹಾಗೂ ಇಂಟರ್ನಲ್ ಅಂಕಗಳನ್ನು ಪರಿಗಣಿಸಲಾಗುವುದೇ ಎಂಬುದನ್ನು ಲಿಖಿತವಾಗಿ ತಿಳಿಸಬೇಕು.”

ಕೊನೆಯ ವಾಕ್ಯವನ್ನು ಎಲ್ಲರೂ ಬಿಡುತ್ತಾರೆ, ಮರಳಿ ಬಂದಾಗ ಜಗಳ ಆಗೋದು ಅದರಿಂದಲೇ. ರೋಗದ ಹೆಸರು ಅರ್ಜಿಯಲ್ಲಿ ಬೇಡ. ಆ ಹಾಳೆ ಹತ್ತು ಮೇಜು ಸುತ್ತುತ್ತದೆ. ವೈದ್ಯಕೀಯ ಪ್ರಮಾಣಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ಲಗತ್ತಿಸಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು, ಆವಕ ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. “ಸಾಹೇಬ್ರಿಗೆ ಹೇಳೀನಿ, ನಡೀತದ” ಅನ್ನೋ ಬಾಯಿಮಾತು ಆರು ತಿಂಗಳ ನಂತರ ಯಾರಿಗೂ ನೆನಪಿರೋದಿಲ್ಲ.

ಪ್ರಮಾಣಪತ್ರದಲ್ಲಿ ವೈದ್ಯರ ನೋಂದಣಿ ಸಂಖ್ಯೆ, ಮೊಹರು, ಯಾವ ದಿನದಿಂದ ಯಾವ ದಿನದವರೆಗೆ ವಿಶ್ರಾಂತಿ ಅನ್ನೋದು, ನಿಮ್ಮ ಸಹಿ ಇರಲಿ. ಸರ್ಕಾರಿ ಆಸ್ಪತ್ರೆಯದ್ದಾದರೆ ಪ್ರಶ್ನೆ ಕಡಿಮೆ. ನಿಮ್ಮ ನಿಕ್ಷಯ್ (ಸರ್ಕಾರದ ಟಿಬಿ ರೋಗಿಗಳ ಆನ್‌ಲೈನ್ ನೋಂದಣಿ) ಐಡಿ ಇರುವ ಕಾರ್ಡು, ಎಕ್ಸ್‌ರೇ, ಕಫದ ವರದಿಗಳ ಜೆರಾಕ್ಸ್ ಅದೇ ಲಕೋಟೆಯಲ್ಲಿ ಜೋಡಿಸಿ. ಹಿಂದಿನ ದಿನಾಂಕ ಹಾಕಿದ ಪ್ರಮಾಣಪತ್ರ ತರಬೇಡಿ. ಓಪಿಡಿ ಚೀಟಿಯ ದಿನಾಂಕಕ್ಕೂ ಅದಕ್ಕೂ ತಾಳೆಯಾಗದೆ ಹೋದರೆ ನಿಜವಾದ ಕಾಯಿಲೆಯನ್ನೂ ಯಾರೂ ನಂಬುವುದಿಲ್ಲ.

ದೀರ್ಘ ರಜೆಯಾದರೆ ವಿಷಯ ಕಾಲೇಜಿನಲ್ಲೇ ಮುಗಿಯುವುದಿಲ್ಲ, ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಈ ಭಾಗದ ಕಾಲೇಜುಗಳಲ್ಲಿ ಕಲಬುರಗಿಯ ಜಿಮ್ಸ್, ಇಎಸ್‌ಐಸಿ, ಎಂ.ಆರ್. ಮೆಡಿಕಲ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಇವರಿಗೆಲ್ಲ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕೆಬಿಎನ್ (ಖಾಜಾ ಬಂದಾನವಾಜ್) ಕಾಲೇಜಿನವರಿಗೆ ಕಲಬುರಗಿಯಲ್ಲೇ ಅವರದ್ದೇ ವಿಶ್ವವಿದ್ಯಾಲಯ. ನೀವು ನೇರ ರಾಜೀವ್ ಗಾಂಧಿ ವಿಶ್ವವಿದ್ಯಾಲಯ ಇರುವ ಬೆಂಗಳೂರಿನ ಜಯನಗರಕ್ಕೆ ಬಸ್ ಹತ್ತಬೇಡಿ. ಕಾಲೇಜು ಕಳಿಸದ ಕಡತವನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಕಾಲೇಜಿನ ವಿದ್ಯಾರ್ಥಿ ಶಾಖೆಯಲ್ಲಿ ಕೇಳಬೇಕಾದದ್ದು ಒಂದೇ: ವಿಶ್ವವಿದ್ಯಾಲಯಕ್ಕೆ ಕಳಿಸಿದ ಪತ್ರದ ಸಂಖ್ಯೆ ಮತ್ತು ನಕಲು.

ಇಂಟರ್ನಲ್ ಪರೀಕ್ಷೆ ಒಂದು ತಪ್ಪಿದ್ದರೆ ವಿಭಾಗಕ್ಕೆ ಬೇರೆ ಅರ್ಜಿ ಕೊಟ್ಟು ಮರುಪರೀಕ್ಷೆ ಕೇಳಿ. ಥಿಯರಿ, ಪ್ರಾಕ್ಟಿಕಲ್ ಸೇರಿ 50%, ಪ್ರತಿಯೊಂದರಲ್ಲೂ ಕನಿಷ್ಠ 40% ಇಂಟರ್ನಲ್ ಅಂಕ ಇಲ್ಲದಿದ್ದರೆ ಹಾಜರಿ ಪೂರ್ತಿ ಇದ್ದರೂ ಪರೀಕ್ಷೆಗೆ ಬಿಡುವುದಿಲ್ಲ.

ದುಡ್ಡಿನ ವಿಷಯ. ಬ್ಯಾಂಕಿನ ಶಿಕ್ಷಣ ಸಾಲ ಇದ್ದರೆ ರಜೆಯ ಪತ್ರದ ನಕಲನ್ನು ಶಾಖೆಗೆ ಮೊದಲೇ ಕೊಡಿ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಲ್ಲಿ ಕೋರ್ಸ್ ಸಮಯಕ್ಕೆ ಮುಗಿಯದಿದ್ದರೆ ಗರಿಷ್ಠ 2 ವರ್ಷ ವಿಸ್ತರಿಸಲು ಅವಕಾಶ ಇದೆ. ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಕಾಗದ ಕೊಡದೆ ಬಿಟ್ಟರೆ ಹಳೇ ದಿನಾಂಕಕ್ಕೇ ಕಂತು ಶುರುವಾಗುತ್ತದೆ. ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ವಿದ್ಯಾರ್ಥಿವೇತನದ ನವೀಕರಣ ಮುಂದಿನ ತರಗತಿಗೆ ಹೋಗುವುದರ ಮೇಲೆ ನಿಂತಿರುವುದರಿಂದ, ಅದೇ ವರ್ಷ ಮತ್ತೆ ಕೂರುವವರು ಆ ವೇತನ ಕೊಡುವ ಇಲಾಖೆಯ ತಾಲ್ಲೂಕು ಕಚೇರಿಗೆ ಕಾಯಿಲೆಯ ದಾಖಲೆ ಒಯ್ದು ಮೊದಲೇ ಮಾತಾಡಿ. ಹಾಸ್ಟೆಲಿನಲ್ಲಿ ಬರೀ ಬೀಗ ಹಾಕಿ ಹೋದರೆ ಮೆಸ್ ಬಿಲ್ ನಿಲ್ಲೋದಿಲ್ಲ, ವಾರ್ಡನ್ನಿಗೆ ಬರಹದಲ್ಲಿ ಕೊಟ್ಟ ದಿನದಿಂದಲೇ ನಿಲ್ಲೋದು. ವಾರ್ಡನ್ನಿಗೆ ಹೇಳಲು ಇನ್ನೂ ದೊಡ್ಡ ಕಾರಣ, ನಿಮ್ಮ ರೂಮ್‌ಮೇಟ್‌ಗಳ ತಪಾಸಣೆ ಆಗಬೇಕು. ನಾಚಿಕೆಗೆ ಇದನ್ನು ಮುಚ್ಚಿಡಬೇಡಿ.

ಊರಲ್ಲಿ ಇರುವುದಾದರೆ ನಿಕ್ಷಯ್‌ನಲ್ಲಿ ನಿಮ್ಮ ಹೆಸರನ್ನು ಸುರಪುರದ ಕಡೆಗೆ ವರ್ಗ ಮಾಡಿಸಿ, ಮಾತ್ರೆ ಅಲ್ಲೇ ಉಚಿತವಾಗಿ ಸಿಗುತ್ತದೆ. ಪೋಷಣೆಗೆ ಅಂತ ಸರ್ಕಾರ ತಿಂಗಳಿಗೆ 1000 ರೂಪಾಯಿ ಖಾತೆಗೆ ಹಾಕುತ್ತದೆ (2024ರ ನವೆಂಬರ್‌ಗೆ ಮೊದಲು 500 ಇತ್ತು), ಆಧಾರ್ ಜೋಡಿಸಿದ ಖಾತೆ ಕೊಡಿ. ಮೊಟ್ಟೆ, ಬೇಳೆ, ರೊಟ್ಟಿ ಜೊತೆ ಶೇಂಗಾ ಹಿಂಡಿ, ಮೊಸರು ಸಾಕು, ದುಬಾರಿ ಪ್ರೋಟೀನ್ ಡಬ್ಬಿ ಬೇಡ.

ಇದನ್ನು ಓದುವ ಬೇರೆಯವರ ಕಾರಣ ಮನಸ್ಸಿನ ಕಾಯಿಲೆ ಆಗಿದ್ದರೆ ಕಾಗದದ ದಾರಿ ಇದೇ, ಲಕೋಟೆಯೂ ಇದೇ. 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರಕ್ಕೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಕಾಲೇಜಿನವರ ಹತ್ತಿರ ಹೇಳಲು ಆಗದಿದ್ದರೆ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಇಂಟರ್ನ್‌ಶಿಪ್‌ನಲ್ಲಿರುವವರ ಲೆಕ್ಕ ಸರಳ: ವರ್ಷಕ್ಕೆ 15 ದಿನ ರಜೆ, ಅದಕ್ಕಿಂತ ಹೆಚ್ಚಾದಷ್ಟು ದಿನ ಕೊನೆಯಲ್ಲಿ ದುಡಿದು ತುಂಬಬೇಕು.

ಮರಳಿ ಬರುವ ದಿನ ಫಿಟ್‌ನೆಸ್ ಪ್ರಮಾಣಪತ್ರ, ರಜೆ ಅನುಮತಿಯ ನಕಲು, ಸೇರ್ಪಡೆ ಪತ್ರ ಮೂರನ್ನೂ ಒಟ್ಟಿಗೆ ಕೊಡಿ. ಆ ವಾರವೇ ಹೊಸ ಬ್ಯಾಚಿನ ಹಾಜರಿ ಪಟ್ಟಿಯಲ್ಲಿ, ಪೋಸ್ಟಿಂಗ್ ಪಟ್ಟಿಯಲ್ಲಿ ನಿಮ್ಮ ಹೆಸರು ಏರಿದೆಯೇ ಅಂತ ಮೂರೂ ವಿಭಾಗದಲ್ಲಿ ನೋಡಿ. ಹೆಸರು ಸೇರದ ಪಟ್ಟಿಯಲ್ಲಿ ನೀವು ದಿನಾ ಕ್ಲಾಸಿಗೆ ಕೂತರೂ ಗೈರುಹಾಜರಿಯೇ.