ವಂದನಾರ್ಪಣೆಗೆ ಮೊದಲೇ ಎದ್ದು ಹೋಗುವವರಿಗೆ

ಓದುಗರ ಪತ್ರ:

ಮಾನ್ಯ ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಜೆರೂಸಲೇಮಿನಲ್ಲಿದ್ದ ಯಹೂದಿಗಳ ಪ್ರಾಚೀನ ದೇವಾಲಯದ ಬಗ್ಗೆ ನೀವು ಪ್ರಕಟಿಸಿದ ಲೇಖನ ಓದಿ ಬೇಸರವಾಯಿತು. ಮೋಶೆಯ ಅಣ್ಣ ಆರೋನನ ವಂಶದ ಯಾಜಕರಿಗೆ ಅರ್ಧ ಪುಟ. ಬಾಗಿಲು ಕಾಯುವ, ಹಾಡುವ, ಹೊರೆ ಹೊರುವ ಲೇವಿಯರಿಗೆ, ಅಂದರೆ ಅದೇ ಲೇವಿಯ ಸಂತತಿಯ ಉಳಿದವರಿಗೆ, ಎರಡೂವರೆ ಪುಟ! ಬಲಿಪೀಠದ ಹತ್ತಿರ ಸುಳಿಯುವ ಅಧಿಕಾರವೂ ಇಲ್ಲದವರು ಆರಾಧನೆಯಲ್ಲಿ ಸಹಾಯಕರಷ್ಟೇ ಅಲ್ಲವೇ? ಆ ಅಧಿಕಾರ ಕೇಳಲು ಹೋದ ಕೋರಹನ ಗತಿ ಏನಾಯಿತೆಂದು ನೀವೂ ಬಲ್ಲಿರಿ. ಇನ್ನೊಂದು ಮಾತು: ದೇವಾಲಯದ ಗಾಯಕರ ಸಂಖ್ಯೆ 228 ಎಂದು ಅಚ್ಚಾಗಿದೆ. ಅದು 288. ನಿಮ್ಮಲ್ಲಿ ಕರಡು ತಿದ್ದುವವರು ನಿದ್ದೆ ಮಾಡುತ್ತಿದ್ದರೇ?
– ಒಬ್ಬ ನಿವೃತ್ತ ಶಿಕ್ಷಕ, ನಿಮ್ಮ ಹಳೆಯ ಓದುಗ

ಸಂಪಾದಕರ ಉತ್ತರ:

ಮೇಷ್ಟ್ರೇ, ಇನ್‌ಲ್ಯಾಂಡ್ ಲೆಟರಿನ ಮಡಿಕೆಯವರೆಗೂ ಇಕ್ಕಟ್ಟಾಗಿ ಬರೆದು, ಜಾಗ ಸಾಲದೆ ಅಂಚಿನಲ್ಲಿ ಸಹಿ ಹಾಕಿದ್ದೀರಿ. ಹೀಗೆ ಪತ್ರ ಬರೆಯುವವರು ಈಗ ಬೆರಳೆಣಿಕೆಯಷ್ಟು ಮಂದಿ. ಹಾಗಾಗಿ ನಿಮ್ಮ ಸಿಟ್ಟನ್ನೂ ಅಕ್ಕರೆಯಿಂದಲೇ ಓದಿದೆ.

ಮೊದಲು ನಿಮಗೆ ಸಲ್ಲಬೇಕಾದದ್ದು ಸಲ್ಲಲಿ. ಬಲಿಪೀಠಕ್ಕೆ ರಕ್ತ ಎರಚುವುದು, ಧೂಪ ಹಾಕುವುದು, ಕೈಯೆತ್ತಿ ಜನರನ್ನು ಆಶೀರ್ವದಿಸುವುದು ಇವೆಲ್ಲ ಯಾಜಕರ ಹಕ್ಕು. ವರ್ಷಕ್ಕೊಮ್ಮೆ, ದೋಷಪರಿಹಾರದ ದಿನ, ತೆರೆಯ ಆಚೆಗಿನ ಅತಿಪವಿತ್ರ ಸ್ಥಳಕ್ಕೆ ಕಾಲಿಡುವವನು ಮಹಾಯಾಜಕನೊಬ್ಬನೇ. ಆ ಆಶೀರ್ವಾದದ ಮಾತುಗಳ ಹಳಮೆಯೂ ಸಾಮಾನ್ಯದ್ದಲ್ಲ. 1979ರಲ್ಲಿ ಜೆರೂಸಲೇಮಿನ ಕೆತೆಫ್ ಹಿನ್ನೋಮ್ ಎಂಬಲ್ಲಿನ ಸಮಾಧಿಗುಹೆಯಲ್ಲಿ ಸಿಕ್ಕ ಪುಟ್ಟ ಬೆಳ್ಳಿಯ ಸುರುಳಿಗಳ ಮೇಲೆ ಅವನ್ನು ಕೊರೆದಿತ್ತು. ಬೈಬಲಿನ ಪಠ್ಯದ ಅಷ್ಟು ಹಳೆಯ ತುಣುಕು ಬೇರೊಂದು ಈವರೆಗೆ ಸಿಕ್ಕಿಲ್ಲ. ಇಷ್ಟನ್ನು ಒಪ್ಪಿದೆ. ಇನ್ನು ನನ್ನ ಸರದಿ.

‘ಸಹಾಯಕರಷ್ಟೇ’ ಎಂದಿರಲ್ಲ, ಆ ‘ಅಷ್ಟೇ’ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಬೈಬಲಿನ ಅರಣ್ಯಕಾಂಡದ ನಾಲ್ಕನೆಯ ಅಧ್ಯಾಯವನ್ನು ಇನ್ನೊಮ್ಮೆ ತೆಗೆಯಿರಿ. ದೇವಾಲಯ ಇನ್ನೂ ಇಲ್ಲದ, ಇಸ್ರಾಯೇಲರು ಮರಳುಗಾಡಿನಲ್ಲಿ ಅಲೆಯುತ್ತಿದ್ದ ಕಾಲ. ಪಾಳೆಯ ಕಿತ್ತು ಹೊರಡುವ ಹೊತ್ತು. ಆರೋನನೂ ಅವನ ಮಕ್ಕಳೂ ಆರಾಧನೆಯ ಗುಡಾರದೊಳಗೆ ಹೋಗಿ ಮಂಜೂಷದ, ಅಂದರೆ ದೇವರ ಆಜ್ಞೆಗಳಿದ್ದ ಪೆಟ್ಟಿಗೆಯ, ಮೇಲೆ ತೆರೆ ಹೊದಿಸುತ್ತಾರೆ, ಅದರ ಮೇಲೆ ತೊಗಲು, ಅದರ ಮೇಲೆ ಅಪ್ಪಟ ನೀಲಿ ಬಟ್ಟೆ. ಹೊರುವ ಕೋಲುಗಳನ್ನು ಸಿಕ್ಕಿಸಿ ಹೊರಗೆ ಬರುತ್ತಾರೆ. ಆಮೇಲೆ ಕೆಹಾತನ ಕುಲದ ಲೇವಿಯರು ಹೆಗಲು ಕೊಡಬೇಕು. ಮುಟ್ಟಿದರೆ ಸಾವು, ಇಣುಕಿ ನೋಡಿದರೂ ಸಾವು. ತಾವು ಹೊತ್ತಿರುವುದು ಏನೆಂದು ಒಮ್ಮೆಯೂ ನೋಡದೆ ಮರಳುಗಾಡು ದಾಟಿದವರು ಇವರು. ಲೇವಿಯರ ಉಳಿದೆರಡು ಕುಲಗಳಲ್ಲಿ ಗೇರ್ಷೋನ್ಯರ ಪಾಲಿಗೆ ಪರದೆ, ಹೊದಿಕೆ, ಹಗ್ಗ. ಮೆರಾರೀಯರ ಪಾಲಿಗೆ ಹಲಗೆ, ಅಗುಳಿ, ಕಂಬ, ಗೂಟ. ಯಾರು ಯಾವುದನ್ನು ಹೊರಬೇಕೆಂದು ಹೆಸರು ಹಿಡಿದು ಒಪ್ಪಿಸಬೇಕೆಂದೂ ಅಲ್ಲಿಯೇ ಬರೆದಿದೆ. ಭಾರದ ಸಾಮಾನಿನ ಮೆರಾರೀಯರಿಗೆ ನಾಲ್ಕು ಗಾಡಿ ಎಂಟು ಎತ್ತು, ಗೇರ್ಷೋನ್ಯರಿಗೆ ಎರಡು ಗಾಡಿ ನಾಲ್ಕು ಎತ್ತು, ಕೆಹಾತ್ಯರಿಗೆ ಒಂದೂ ಇಲ್ಲ. ಪವಿತ್ರ ವಸ್ತು ಗಾಡಿಯ ಮೇಲೆ ಕುಲುಕಬಾರದು, ಹೆಗಲೇ ಆಗಬೇಕು. ಮೂವತ್ತರಿಂದ ಐವತ್ತು ವರ್ಷದೊಳಗಿನ ಇಂಥವರು 8,580 ಮಂದಿ ಎಂದು ಲೆಕ್ಕ. ಐವತ್ತಾದ ಮೇಲೆ ಹೊರೆ ಇಳಿಸಿ, ಕಾವಲಿನಂಥ ಹಗುರ ಕೆಲಸದಲ್ಲಿ ತಮ್ಮವರಿಗೆ ನೆರವಾಗುತ್ತಿದ್ದರು. ನಿಮಗಿಂತ ಹತ್ತು ವರ್ಷ ಮೊದಲೇ ನಿವೃತ್ತಿ, ಮೇಷ್ಟ್ರೇ. ಹೆಗಲಿನ ಕೆಲಸ ನೋಡಿ.

ಈ ಹೊರೆ ಹೊರುವ ಕೆಲಸಕ್ಕೆ ಹೀಬ್ರೂ ಭಾಷೆಯಲ್ಲಿ ‘ಅವೋದಾ’ ಎನ್ನುತ್ತಾರೆ. ದೇವರ ಆರಾಧನೆಗೂ ಅದೇ ಪದ. ಈಜಿಪ್ಟಿನಲ್ಲಿ ಇಟ್ಟಿಗೆ ಹೊಡೆದ ಜೀತಕ್ಕೂ ಅದೇ ಪದ. ನಮ್ಮ ‘ಊಳಿಗ’ ಅದರ ಹತ್ತಿರ ಬರುತ್ತದೆ. ‘ಆರಾಧನೆ’ ಎಂದು ಅನುವಾದಿಸಿದ ಕೂಡಲೇ ಧೂಪದ ಪರಿಮಳ ಬಂದು ಬೆವರಿನ ವಾಸನೆ ಹೋಗಿಬಿಡುತ್ತದೆ.

ಹೋಗಲಿ, ನೀವು ಎತ್ತರದಲ್ಲಿ ಕೂರಿಸಿರುವ ಯಾಜಕರ ದಿನ ಹೇಗೆ ಶುರುವಾಗುತ್ತಿತ್ತು ಬಲ್ಲಿರಾ? ಬೂದಿ ತೆಗೆಯುವುದರಿಂದ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಕ್ರೋಡೀಕರಿಸಿದ ಯಹೂದಿ ವಿಧಿಸಂಗ್ರಹವಾದ ಮಿಶ್ನಾದಲ್ಲಿ ಅದರ ವಿವರವಿದೆ. ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ ಒಬ್ಬನೇ ಯಾಜಕ, ಕೈಯಲ್ಲಿ ದೀಪವಿಲ್ಲದೆ, ಬಲಿಪೀಠದ ಕೆಂಡದ ಬೆಳಕಿನಲ್ಲೇ ಅಂಗಳಕ್ಕೆ ಹೋಗುತ್ತಾನೆ. ಉಳಿದವರಿಗೆ ಅವನು ಕಾಣಿಸುವುದೂ ಇಲ್ಲ, ಅವನ ಸದ್ದು ಕೇಳಿಸುವುದೂ ಇಲ್ಲ. ಕೈಕಾಲು ತೊಳೆಯಲು ನೀರಿನ ತೊಟ್ಟಿಯನ್ನು ಮೇಲೆತ್ತುವಾಗ ಅದರ ಮರದ ಯಂತ್ರ ಕಿರುಗುಟ್ಟುತ್ತದೆ. ಆಗ ಉಳಿದವರು ‘ಹೊತ್ತಾಯಿತು’ ಎಂದು ಏಳುತ್ತಾರೆ. ಅವನು ಬೆಳ್ಳಿಯ ಸಲಿಕೆ ಹಿಡಿದು ಮೇಲೆ ಹತ್ತಿ, ಕೆಂಡಗಳನ್ನು ಅತ್ತಿತ್ತ ಸರಿಸಿ, ಒಳಗೆ ಬೆಂದು ಬೂದಿಯಾದದ್ದನ್ನು ಬಾಚಿಕೊಂಡು ಇಳಿಯುತ್ತಾನೆ. ನಮ್ಮ ಅಜ್ಜಿ ಬೆಳಗಿನ ಜಾವ ಒಲೆಯ ಮುಂದೆ ಕೂತು ಮಾಡುತ್ತಿದ್ದುದೂ ಅದನ್ನೇ. ಸಲಿಕೆ ಮಾತ್ರ ಬೆಳ್ಳಿಯದಾಗಿರಲಿಲ್ಲ. ಈ ಬೂದಿ ಕೆಲಸಕ್ಕಾಗಿ ಯಾಜಕರು ಪೀಠದ ಇಳಿಜಾರಿನ ಮೇಲೆ ಓಟದ ಪಂದ್ಯ ನಡೆಸುತ್ತಿದ್ದರಂತೆ. ಒಮ್ಮೆ ಒಬ್ಬನು ಇನ್ನೊಬ್ಬನನ್ನು ತಳ್ಳಿ, ಬಿದ್ದವನ ಕಾಲು ಮುರಿಯಿತು. ಅಂದಿನಿಂದ ಚೀಟಿ ಎತ್ತುವ ಪದ್ಧತಿ ಬಂತು. ಬೂದಿಗಾಗಿ ಕಾಲು ಮುರಿದುಕೊಂಡ ಯಾಜಕರ ಮೇಲೆ ನನಗೂ ಗೌರವವಿದೆ, ತಪ್ಪು ತಿಳಿಯಬೇಡಿ.

ಈಗ ಬಾಗಿಲಿಗೆ ಬರೋಣ. ಬೈಬಲಿನ ಒಂದನೆಯ ಪೂರ್ವಕಾಲವೃತ್ತಾಂತದ 23ರಿಂದ 26ರವರೆಗಿನ ಅಧ್ಯಾಯಗಳನ್ನು ಬಹುತೇಕ ಎಲ್ಲರೂ ಹಾರಿಸಿ ಓದುತ್ತಾರೆ. ಬರೀ ಹೆಸರು. ನನಗೆ ಅದು ಜಗತ್ತಿನ ಅತಿ ಉದ್ದದ ವಂದನಾರ್ಪಣೆ. 38,000 ಲೇವಿಯರು, ಅವರಲ್ಲಿ ಬಾಗಿಲು ಕಾಯುವವರು 4,000, ವಾದ್ಯ ಹಿಡಿದವರು 4,000. ಸಂಖ್ಯೆ ಉತ್ಪ್ರೇಕ್ಷೆ ಎಂದು ವಿದ್ವಾಂಸರು ಮೂಗು ಮುರಿಯುತ್ತಾರೆ, ಮುರಿಯಲಿ. ನನ್ನ ಕಣ್ಣು ನಿಲ್ಲುವುದು ಸಣ್ಣ ಸಂಖ್ಯೆಗಳ ಮೇಲೆ: ಪೂರ್ವದ ಬಾಗಿಲಿಗೆ ದಿನಕ್ಕೆ ಆರು ಮಂದಿ, ಉತ್ತರಕ್ಕೆ ನಾಲ್ವರು, ದಕ್ಷಿಣಕ್ಕೆ ನಾಲ್ವರು, ಉಗ್ರಾಣಕ್ಕೆ ಇಬ್ಬಿಬ್ಬರು. ಅದೇ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ, ಹಂಚಿನ ಮೇಲೆ ರೊಟ್ಟಿ ಸುಡಿಸುವ ಹೊಣೆ ಹೊತ್ತ ಮತ್ತಿತ್ಯ ಎಂಬವನ ಹೆಸರೂ ದಾಖಲಾಗಿದೆ. ಎಷ್ಟೋ ದೊರೆಗಳ ಹೆಸರು ಅಳಿಸಿ ಹೋಗಿದೆ, ರೊಟ್ಟಿಯವನ ಹೆಸರು ಉಳಿದಿದೆ!

ಕಾವಲಿನ ಕೆಲಸ ಬಾಗಿಲ ಬಳಿ ಸುಮ್ಮನೆ ಕುಳಿತಿರುವುದೆಂದು ಭಾವಿಸಬೇಡಿ. ದೇವಾಲಯದ ಒಳಅಂಗಳದ ಪೂರ್ವದ ಕಂಚಿನ ಬಾಗಿಲು ಮುಚ್ಚಲು ಇಪ್ಪತ್ತು ಮಂದಿ ಏದುಸಿರು ಬಿಡಬೇಕಿತ್ತೆಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ರಾತ್ರಿ ಇಪ್ಪತ್ತನಾಲ್ಕು ಕಡೆ ಕಾವಲು. ಮೂರು ಕಡೆ ಯಾಜಕರು, ಇಪ್ಪತ್ತೊಂದು ಕಡೆ ಲೇವಿಯರು. ಮೇಲ್ವಿಚಾರಕ ಪಂಜುಗಳ ಬೆಳಕಿನಲ್ಲಿ ಸುತ್ತು ಬರುತ್ತಿದ್ದ. ಕಾವಲಿನವನು ಎದ್ದು ನಿಲ್ಲದಿದ್ದರೆ ‘ನಿನಗೆ ಶಾಂತಿ’ ಎಂದು ಮಾತಾಡಿಸುತ್ತಿದ್ದ. ನಿದ್ದೆ ಹೋಗಿದ್ದಾನೆಂದು ಖಾತ್ರಿಯಾದರೆ ಕೋಲಿನಿಂದ ಬಾರಿಸಬಹುದಿತ್ತು, ಅವನ ಬಟ್ಟೆಗೆ ಬೆಂಕಿ ಹಚ್ಚುವ ಅಧಿಕಾರವೂ ಇತ್ತು. ‘ಅಂಗಳದಲ್ಲಿ ಅದೇನು ಗದ್ದಲ?’ ಎಂದು ಯಾರಾದರೂ ಕೇಳಿದರೆ, ‘ನಿದ್ದೆ ಮಾಡಿದ ಲೇವಿಯನಿಗೆ ಏಟು ಬೀಳುತ್ತಿದೆ, ಬಟ್ಟೆ ಸುಡುತ್ತಿದ್ದಾರೆ’ ಎಂಬ ಉತ್ತರ. ಎಲಿಯೇಜರ್ ಬೆನ್ ಯಾಕೋಬ್ ಎಂಬ ಗುರು ‘ನನ್ನ ಸೋದರಮಾವನಿಗೇ ಒಮ್ಮೆ ಹಾಗಾಗಿತ್ತು’ ಎಂದು ಹೇಳಿದ್ದೂ ಮಿಶ್ನಾದಲ್ಲಿದೆ. ಮಾವನ ಮಾನ ಹೋದರೂ ಚಿಂತೆಯಿಲ್ಲ, ಚರಿತ್ರೆ ಉಳಿಯಲಿ ಎಂದುಕೊಂಡರೇನೋ.

ಹಾಡುವವರ ವಿಷಯದಲ್ಲಿ ನನಗೆ ಜೋಸೆಫಸನ ಮೇಲೆ ಹಳೆಯ ಮುನಿಸು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯ ಸುಟ್ಟರಲ್ಲ, ಅದಕ್ಕೆ ಕೆಲವೇ ವರ್ಷ ಮೊದಲು ಲೇವಿ ಗಾಯಕರು ಎರಡನೆಯ ಅಗ್ರಿಪ್ಪ ರಾಜನ ಬಳಿ ಹೋಗಿ, ಯಾಜಕರಂತೆ ತಮಗೂ ನಾರುಮಡಿ ಉಡಲು ಅಪ್ಪಣೆಯಾಗಲಿ ಎಂದು ಕೇಳಿದರು. ಕೇಳಿದ್ದು ಒಂದು ಬಟ್ಟೆ. ರಾಜ ಕೊಟ್ಟ. ಜೋಸೆಫಸನಿಗೆ ಮೈಯೆಲ್ಲ ಉರಿ: ಇದು ಪಿತೃಗಳ ಕಟ್ಟಳೆಗೆ ವಿರುದ್ಧ, ಇಂಥ ಅತಿಕ್ರಮಕ್ಕೆ ಶಿಕ್ಷೆ ತಪ್ಪದು ಎಂದು ಬರೆದ. ಸ್ವತಃ ಯಾಜಕ ಮನೆತನದವನು, ಅದರಲ್ಲೂ ಯಾಜಕರ 24 ವರ್ಗಗಳಲ್ಲಿ ಮೊದಲನೆಯ ವರ್ಗ. ಅದೇ ಜೋಸೆಫಸನೇ ಅದೇ ಕಾಲದ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ: ಮಹಾಯಾಜಕರ ಆಳುಗಳು ಕಣಕ್ಕೇ ನುಗ್ಗಿ ದಶಮಾಂಶದ, ಅಂದರೆ ಯಾಜಕರಿಗೆ ಸಲ್ಲಬೇಕಾದ ಹತ್ತನೆಯ ಒಂದು ಪಾಲಿನ, ಧಾನ್ಯ ದೋಚಿದರು, ಬಡ ಯಾಜಕರು ಹಸಿವಿನಿಂದ ಸತ್ತರು. ದೇವಾಲಯಕ್ಕೆ ಮುಳುವಾದದ್ದು ಗಾಯಕರ ಬಟ್ಟೆಯೋ ಆ ದೋಚಿದ ಧಾನ್ಯವೋ, ನೀವೇ ಹೇಳಿ.

ಕೋರಹನನ್ನು ನೆನಪಿಸಿದಿರಿ. ಒಳ್ಳೆಯದಾಯಿತು. ಲೇವಿಯನಾದ ಅವನು ‘ಸಭೆಯವರೆಲ್ಲ ಪವಿತ್ರರೇ, ನೀವೇಕೆ ಮೇಲೆ ಏರಿ ಕುಳಿತಿರಿ?’ ಎಂದು ಮೋಶೆ ಆರೋನರಿಗೆ ಎದುರಾಗಿ ನಿಂತ. ಅವನ ಕಡೆಯವರನ್ನು ಭೂಮಿ ಬಾಯಿತೆರೆದು ನುಂಗಿತು. ನೀವು ಅಲ್ಲಿಗೆ ಪುಸ್ತಕ ಮುಚ್ಚಿದ್ದೀರಿ. ಹತ್ತು ಅಧ್ಯಾಯ ದಾಟಿದ ಮೇಲೆ, ಜನಗಣತಿಯ ನಡುವೆ, ‘ಕೋರಹನ ಮಕ್ಕಳು ಸಾಯಲಿಲ್ಲ’ ಎಂಬ ಒಂದೇ ಸಾಲು ಬರುತ್ತದೆ. ಆ ಮಕ್ಕಳ ಸಂತತಿಯವರೇ ದೇವಾಲಯದ ಹೊಸ್ತಿಲು ಕಾದವರು. ರೊಟ್ಟಿ ಸುಡಿಸಿದ ಮತ್ತಿತ್ಯನೂ ಅವರ ಪೈಕಿಯೇ. ಅವರ ಹೆಸರು ಹೊತ್ತ ಹನ್ನೊಂದು ಕೀರ್ತನೆಗಳಿವೆ. ದುಷ್ಟರ ಗುಡಾರದಲ್ಲಿ ವಾಸಿಸುವುದಕ್ಕಿಂತ ನನ್ನ ದೇವರ ಮನೆಯ ಹೊಸ್ತಿಲಲ್ಲಿ ನಿಲ್ಲುವುದೇ ಲೇಸು ಎಂಬ 84ನೆಯ ಕೀರ್ತನೆಯ ಮಾತು ಅವುಗಳಲ್ಲೊಂದು. ಬಾಗಿಲು ಕಾದವನ ಬಾಯಿಂದಲ್ಲದೆ ಆ ಸಾಲು ಬೇರೆ ಯಾರಿಂದ ಹುಟ್ಟೀತು?

ಬೈಬಲಿನದೇ ಧರ್ಮೋಪದೇಶಕಾಂಡದಲ್ಲಿ ‘ಲೇವಿಯರಾದ ಯಾಜಕರು’ ಎಂದು ಒಟ್ಟಿಗೇ ಹೇಳಿರುವುದನ್ನು ಗಮನಿಸಿದ್ದೀರಾ? ಈ ಮೇಲುಕೀಳು ಮೊದಲಿನಿಂದ ಇದ್ದದ್ದಲ್ಲ, ಪ್ರವಾದಿ ಯೆಹೆಜ್ಕೇಲನ ಕಾಲದಿಂದ ಈಚೆಗೆ ಗಟ್ಟಿಯಾದದ್ದು ಎಂದು 1878ರಲ್ಲೇ ಜರ್ಮನಿಯ ಬೈಬಲ್ ವಿದ್ವಾಂಸ ಯೂಲಿಯಸ್ ವೆಲ್‌ಹೌಸನ್ ವಾದಿಸಿದ್ದ. ಅದರ ಜಗಳ ಇನ್ನೂ ಮುಗಿದಿಲ್ಲ. ಅದಕ್ಕೆ ಕೈಹಾಕಿದರೆ ಈ ಸಂಚಿಕೆ ಸಾಲದು.

ಬಾಬಿಲೋನಿನ ಸೆರೆಯಿಂದ ಹಿಂತಿರುಗಿದವರ ಪಟ್ಟಿ ಎಜ್ರನ ಗ್ರಂಥದಲ್ಲಿದೆ. ಯಾಜಕರ ಕುಟುಂಬಗಳನ್ನು ಕೂಡಿಸಿದರೆ 4,289. ಲೇವಿಯರು 74. ಗಾಯಕರನ್ನೂ ದ್ವಾರಪಾಲಕರನ್ನೂ ಸೇರಿಸಿದರೂ 341. ಮುಂದೆ ಎಜ್ರನೇ ಹೊರಟಾಗ ಅಹವಾ ಎಂಬಲ್ಲಿ ಮೂರು ದಿನ ತಂಗಿ ತಲೆ ಎಣಿಸಿದರೆ ಲೇವಿಯ ಒಬ್ಬನೂ ಇಲ್ಲ! ಆಳು ಕಳಿಸಿ, ಹೇಳಿ ಕೇಳಿ, 38 ಮಂದಿಯನ್ನು ಕರೆಸಿಕೊಂಡ. ಯಾಕೆ ಬರಲಿಲ್ಲ ಎಂದು ಗ್ರಂಥ ಹೇಳುವುದಿಲ್ಲ. ಹೊರೆ ಹೊತ್ತವನಿಗೆ ಮಾತ್ರ ಗೊತ್ತಾಗುತ್ತದೆ. ಯೆಹೂದದ ಅಧಿಪತಿ ನೆಹೆಮೀಯನ ಕಾಲಕ್ಕೆ ಇನ್ನೂ ಸ್ಪಷ್ಟ. ಯಾಜಕ ಎಲ್ಯಾಷೀಬನು ದಶಮಾಂಶದ ಧಾನ್ಯ, ದ್ರಾಕ್ಷಾರಸ, ಎಣ್ಣೆ ತುಂಬಿಡುವ ದೊಡ್ಡ ಕೋಣೆಯನ್ನು ತನ್ನ ನಂಟ ಟೋಬೀಯನಿಗೆ ಬಿಟ್ಟುಕೊಟ್ಟಿದ್ದ. ಲೇವಿಯರಿಗೂ ಗಾಯಕರಿಗೂ ಪಾಲು ಸಿಗದೆ, ಒಬ್ಬೊಬ್ಬರಾಗಿ ತಮ್ಮ ತಮ್ಮ ಹೊಲಗಳಿಗೆ ಓಡಿಹೋದರು. ನೆಹೆಮೀಯ ಬಂದವನೇ ಟೋಬೀಯನ ಸಾಮಾನೆಲ್ಲ ಹೊರಗೆಸೆದ. ಬೈಬಲಿನಲ್ಲಿ ನನಗೆ ಅತ್ಯಂತ ತೃಪ್ತಿ ಕೊಡುವ ದೃಶ್ಯಗಳಲ್ಲಿ ಇದೂ ಒಂದು.

ನಮ್ಮಲ್ಲಿ ಟೋಬೀಯರಿಗೆ ಬರವಿಲ್ಲ, ನೆಹೆಮೀಯರು ಸಿಗುವುದಿಲ್ಲ. ನಾನು ಈ ಕಸುಬಿಗೆ ಬಂದದ್ದು ಅಚ್ಚಿನ ಮೊಳೆ ಜೋಡಿಸುವ ಕಾಲದಲ್ಲಿ. ಒಂದು ಸಾಹಿತ್ಯ ಸಮಾರಂಭದ ಆಹ್ವಾನ ಪತ್ರಿಕೆಗೆ ಒಂಬತ್ತು ಗಣ್ಯರ ಹೆಸರು ಜೋಡಿಸಬೇಕಿತ್ತು. ಯಾರದ್ದು ಮೇಲೆ, ಯಾರದ್ದು ದಪ್ಪ ಅಕ್ಷರ ಎಂದು ಮೂರು ಬಾರಿ ಕಿತ್ತು ಮೂರು ಬಾರಿ ಜೋಡಿಸಿದವರು ರಾತ್ರಿ ಊಟ ಮಾಡಿರಲಿಲ್ಲ. ಸಮಾರಂಭದ ದಿನ ಅವರು ಹಿಂದಿನ ಸಾಲಿನಲ್ಲಿ ನಿಂತಿದ್ದರು, ಕುರ್ಚಿ ಸಿಕ್ಕಿರಲಿಲ್ಲ. ಕೊನೆಗೆ ವಂದನಾರ್ಪಣೆ ಶುರುವಾಯಿತು. ಅಷ್ಟರಲ್ಲಿ ಊಟದ ಮನೆಯಿಂದ ಸಾರಿನ ಒಗ್ಗರಣೆಯ ವಾಸನೆ ಬಂತು, ಸಭಾಂಗಣ ಖಾಲಿ. ‘ಮುದ್ರಿಸಿಕೊಟ್ಟ’ ಎಂಬಲ್ಲಿಗೆ ಬರುವಷ್ಟರಲ್ಲಿ ಮೈಕಿನವನು ತಂತಿ ಸುತ್ತುತ್ತಿದ್ದ. ಅಂದಿನಿಂದ ಇಂದಿನವರೆಗೆ ನಾನು ಯಾವ ಸಭೆಯಲ್ಲೂ ವಂದನಾರ್ಪಣೆ ಮುಗಿಯದೆ ಎದ್ದಿಲ್ಲ. ಎಷ್ಟೋ ಊಟ ತಣ್ಣಗಾಗಿದೆ.

ಇನ್ನು 288ರ ವಿಷಯ. ನಿಮ್ಮ ಮಾತು ನೂರಕ್ಕೆ ನೂರು ಸರಿ. ಇಪ್ಪತ್ತನಾಲ್ಕು ತಂಡ, ತಂಡಕ್ಕೆ ಹನ್ನೆರಡು ಮಂದಿ. ಮಗ್ಗಿ ಬಲ್ಲ ಮಗುವೂ ಹೇಳುತ್ತದೆ. ಆ ಗಾಯಕರು ಸರದಿಗಾಗಿ ಚೀಟು ಹಾಕಿದಾಗ ಗುರು ಶಿಷ್ಯ ಎಂಬ ಭೇದ ಮಾಡಲಿಲ್ಲವೆಂದೂ ಅಲ್ಲಿದೆ, ನಿಮಗೆ ಹಿಡಿಸಬಹುದು. ಕರಡು ತಿದ್ದುವವರು ನಿದ್ದೆ ಮಾಡುತ್ತಿದ್ದರೇ ಎಂದು ಕೇಳಿದ್ದೀರಿ. ನಿಮ್ಮ ಪತ್ರ ಓದಿದೊಡನೆ ನನಗೂ ಹಾಗೇ ಅನಿಸಿ, ಅವರನ್ನು ಕರೆಸುವ ಮೊದಲು ಹಳೆಯ ಕರಡನ್ನು ಹುಡುಕಿ ತೆಗೆದೆ. 228ರ ಸುತ್ತ ಕೆಂಪು ಶಾಯಿಯ ಸುತ್ತು. ಅಂಚಿನಲ್ಲಿ ‘288? ದಯವಿಟ್ಟು ನೋಡಿ’ ಎಂದು ಅವರ ದುಂಡು ಅಕ್ಷರ. ಅದರ ಕೆಳಗೆ, ಏನನ್ನೂ ನೋಡದೆ ‘ಅಚ್ಚಿಗೆ ಹೋಗಲಿ’ ಎಂದು ಗೀಚಿದ ನನ್ನ ಸಹಿ.

ಆ ಮೇಲ್ವಿಚಾರಕ ಪಂಜು ಹಿಡಿದು ನಮ್ಮ ಕಚೇರಿಗೆ ಬಂದಿದ್ದರೆ ಸುಡುತ್ತಿದ್ದದ್ದು ನನ್ನ ಅಂಗಿ, ಮೇಷ್ಟ್ರೇ.