ನಾನು ನೋಡಿದ್ದು ಗೇಜಿನ ಮುಳ್ಳು ಮಾತ್ರ

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಸಮುದ್ರದಲ್ಲಿ ಯುದ್ಧ ಮಾಡಿದವರು ಎದುರಾಳಿಯ ಮುಖವನ್ನೇ ನೋಡಿರುವುದಿಲ್ಲ, ಹಾಗಿದ್ದೂ ಅವರಿಗೆ ಪಾಪಪ್ರಜ್ಞೆ ಕಾಡುತ್ತದಾ ಅನ್ನುವುದು ಒಂದು. ನ್ಯಾಯದ ಯುದ್ಧ ಅಂತ ಇದೆಯಾ ಅನ್ನುವುದು ಇನ್ನೊಂದು. ನಮ್ಮ ಕಾರವಾರ ಕಡೆ ತಾಳಮದ್ದಲೆಯಲ್ಲಿ, ಅಂದರೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನದಲ್ಲಿ, ಒಬ್ಬನೇ ಅರ್ಥಧಾರಿ ಇವತ್ತು ಕೃಷ್ಣನಾಗಿ ಕೂತು ಯುದ್ಧವೇ ಧರ್ಮ ಅಂತ ಗೆಲ್ಲುತ್ತಾನೆ, ನಾಳೆ ಧರ್ಮರಾಯನಾಗಿ ಯುದ್ಧವೇ ಪಾಪ ಅಂತ ಗೆಲ್ಲುತ್ತಾನೆ. ನನಗೆ ಆ ವಿದ್ಯೆ ಇಲ್ಲ. ನಾನು ನೇವಿಯಲ್ಲಿ ಸ್ಟೋಕರ್ ಆಗಿದ್ದವನು, ಅಂದರೆ ಹಡಗು ಓಡಿಸಲು ಹಬೆ ಮಾಡುವ ಬಾಯ್ಲರಿನವನು. ಈಗ ಗೋವಾದ ವಾಸ್ಕೋದಲ್ಲಿದ್ದೇನೆ. ಎಪ್ಪತ್ತೈದು ಆಯಿತು.

ನೇವಿಯ ಹುಚ್ಚು ಹಿಡಿದದ್ದು ಚಿಕ್ಕಂದಿನಲ್ಲೇ. 1961ರ ಡಿಸೆಂಬರ್ 18ರಂದು ಗೋವಾ ಬಿಡುಗಡೆಗೆ ಸೈನ್ಯ ಹೊರಟಾಗ, ನಮ್ಮ ಕಾರವಾರದ ಎದುರಿಗಿರುವ ಅಂಜುದೀವ ದ್ವೀಪದಲ್ಲೂ ಗುಂಡು ಹಾರಿತು. ಆಗ ಅದು ಪೋರ್ಚುಗೀಸರ ಕೈಯಲ್ಲಿತ್ತು. ನಮ್ಮ ಯುದ್ಧನೌಕೆ ಐಎನ್‌ಎಸ್ ತ್ರಿಶೂಲ್‌ನಿಂದ ಇಳಿದ ತಂಡದ ಮೇಲೆ ಗುಂಡು ಹಾರಿಸಿದರು, ನಮ್ಮವರು 7 ಜನ ಸತ್ತರು. ನಾವು ಹುಡುಗರು ಗುಡ್ಡ ಹತ್ತಿ ನಿಂತು ಸದ್ದು ಕೇಳಿದೆವು. ದೀಪಾವಳಿಗಿಂತ ಜೋರು ಅಂತ ಕುಣಿದದ್ದೂ ನೆನಪಿದೆ. ಸತ್ತ ಸುದ್ದಿ ಆಮೇಲೆ ಬಂತು.

ಬೆಳೆದ ಮೇಲೆ ಸೇರಿದೆ. ಪುಣೆ ಹತ್ತಿರ ಲೋನಾವಳಾದಲ್ಲಿರುವ ನೇವಿಯ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿಯಲ್ಲಿ ತರಬೇತಿ ಆಯಿತು. ಅಲ್ಲಿ ಧಾರವಾಡ ಕಡೆಯ ಒಬ್ಬ ಗೆಳೆಯನಾದ. ಇಡೀ ಬ್ಯಾರಕ್‌ನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ, ಆದರೆ ನನ್ನ ಕನ್ನಡ ಅವನಿಗೆ ಅರ್ಧ ತಿಳಿಯುತ್ತಿರಲಿಲ್ಲ, ಅವನದು ನನಗೆ. ಅವನ ವಿಷಯಕ್ಕೆ ಮತ್ತೆ ಬರುತ್ತೇನೆ.

1971ರ ಪಾಕಿಸ್ತಾನ ಯುದ್ಧದಲ್ಲಿ, ಡಿಸೆಂಬರ್ 8ರ ರಾತ್ರಿ ಕರಾಚಿ ಬಂದರಿನ ಮೇಲೆ ನಮ್ಮ ನೇವಿಯ ಎರಡನೇ ದಾಳಿ ನಡೆಯಿತು. ವಿನಾಶ್ ಅನ್ನುವ ಪುಟ್ಟ ಮಿಸೈಲ್ ದೋಣಿ, ಅದರ ಬೆಂಗಾವಲಿಗೆ ತಲ್ವಾರ್ ಮತ್ತು ತ್ರಿಶೂಲ್. ಆ ಎರಡರಲ್ಲಿ ಒಂದರ ಬಾಯ್ಲರ್ ರೂಮಿನಲ್ಲಿ ನಾನಿದ್ದೆ. ಜನ ನನ್ನನ್ನು ಕರಾಚಿ ಉರಿಯುವುದನ್ನು ನೋಡಿದವನು ಅಂದುಕೊಳ್ಳುತ್ತಾರೆ. ನಾನು ನೋಡಿದ್ದು ಸ್ಟೀಮ್ ಪ್ರೆಶರ್ ಗೇಜಿನ ಮುಳ್ಳು. ತಲೆಯ ಮೇಲೆ ಹ್ಯಾಚ್, ಅಂದರೆ ಹತ್ತಿ ಹೊರಗೆ ಹೋಗುವ ಬಾಗಿಲು, ಮುಚ್ಚಿ ಕ್ಲಿಪ್ ಹಾಕಿರುತ್ತಾರೆ. ಮೈಯೆಲ್ಲ ಬೆವರು, ಬಾಯಲ್ಲಿ ಉಪ್ಪು ಹಾಕಿದ ನಿಂಬೆನೀರಿನ ರುಚಿ, ಕೈಯಲ್ಲಿ ಎಣ್ಣೆ ಹತ್ತಿದ ಕಾಟನ್ ವೇಸ್ಟ್. ಚೀಫ್ ಹೇಳುತ್ತಿದ್ದದ್ದು ಒಂದೇ ಮಾತು, ಚಿಮಣಿಯಲ್ಲಿ ಹೊಗೆ ಕಾಣಬಾರದು. ಗಾಳಿ ಸ್ವಲ್ಪ ಕಮ್ಮಿಯಾದರೂ ಹೊಗೆ ಕಪ್ಪಾಗುತ್ತದೆ. ನನ್ನ ಯುದ್ಧ ಅಂದರೆ ಅಷ್ಟೇ, ಎಣ್ಣೆಗೆ ಗಾಳಿ ಸರಿಹೊಂದಿಸುವುದು. ಬೆಂಕಿಗೆ ಎಣ್ಣೆ ಹಾಕಿದವನು ಅಂತ ನನ್ನನ್ನು ಯಾರಾದರೂ ಬೈದರೆ ಅದು ಅಕ್ಷರಶಃ ನಿಜ.

ವಿನಾಶ್ ನಾಲ್ಕು ಮಿಸೈಲ್ ಬಿಟ್ಟಿತು. ಮೊದಲನೆಯದು ಕರಾಚಿಯ ಕೆಮಾರಿಯಲ್ಲಿದ್ದ ಎಣ್ಣೆ ಟ್ಯಾಂಕುಗಳಿಗೆ ಬಿತ್ತು. ಸ್ಪೀಕರಿನಲ್ಲಿ ಸುದ್ದಿ ಹೇಳಿದಾಗ ನಾವು ಕೂಗಿದೆವು. ಸುಳ್ಳು ಹೇಳಲ್ಲ, ಖುಷಿಯಾಯಿತು. ಮೇಲಿದ್ದ ಗನ್ನಿನ ಹುಡುಗರು ಆಮೇಲೆ ಆಕಾಶ ಹೇಗೆ ಕೆಂಪಾಗಿತ್ತು ಅಂತ ವರ್ಣಿಸಿದರು. ನನಗೆ ಹೊಟ್ಟೆಕಿಚ್ಚಾಯಿತು, ಅಷ್ಟೇ.

ಮರುದಿನ, 9ರ ರಾತ್ರಿ, ದಿಯು ಹತ್ತಿರ ಪಾಕಿಸ್ತಾನದ ಸಬ್‌ಮರೀನ್ ಹಂಗೋರ್ ನಮ್ಮ ಖುಕ್ರಿಯನ್ನು ಮುಳುಗಿಸಿತು. ಕೆಲವೇ ನಿಮಿಷಗಳಲ್ಲಿ ಹಡಗು ಹೋಯಿತು. 18 ಅಧಿಕಾರಿಗಳು, 176 ನಾವಿಕರು ಅದರೊಂದಿಗೇ ಹೋದರು. ಕ್ಯಾಪ್ಟನ್ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ. ನನ್ನ ಧಾರವಾಡದ ಗೆಳೆಯನೂ ಅದರಲ್ಲಿದ್ದ, ಎಂಜಿನ್ ಕಡೆಯವನೇ.

ಪಾಪಪ್ರಜ್ಞೆ ಅಂತ ಕೇಳಿದಿರಲ್ಲ, ಮೊದಲು ಇದನ್ನು ಕೇಳಿ. ಅವನು ನನಗೆ 15 ರೂಪಾಯಿ ಕೊಡಬೇಕಿತ್ತು. ನವೆಂಬರ್‌ನಲ್ಲಿ ನಾನು ಒಂದು ಇನ್‌ಲ್ಯಾಂಡ್ ಪತ್ರ ಬರೆದು ಹಾಕಿದ್ದೆ. ಸುಮ್ನೆ ತಮಾಷೆಗೆ ಅಲ್ಲ, ಸ್ವಲ್ಪ ಖಾರವಾಗಿಯೇ ಬರೆದಿದ್ದೆ. ಅದು ಅವನಿಗೆ ಸಿಕ್ಕಿತ್ತಾ ಇಲ್ವಾ ಗೊತ್ತಿಲ್ಲ. ಸಿಗದೇ ಇರಲಿ ಅಂತ ಐವತ್ತು ವರ್ಷದಿಂದ ಹರಕೆ ಹೊತ್ತಿದ್ದೇನೆ. ಕರಾಚಿಯ ಬೆಂಕಿಗಿಂತ ಆ ಪತ್ರ ನನ್ನನ್ನು ಜಾಸ್ತಿ ಸುಟ್ಟಿದೆ.

ಖುಕ್ರಿ ಸುದ್ದಿ ಕೇಳಿದ ದಿನ ನನ್ನನ್ನು ಕೇಳಿದ್ದರೆ ಕರಾಚಿ ಪೂರ್ತಿ ಉರಿಯಲಿ ಅಂತಿದ್ದೆ. ಆ ಸಿಟ್ಟು ಇಳಿಯಲು ವರ್ಷಗಳೇ ಬೇಕಾದವು. ಇಳಿಸಿದ್ದು ಯಾವ ಪ್ರವಚನವೂ ಅಲ್ಲ. ನಿವೃತ್ತಿಯಾದ ಮೇಲೆ ಡಿಸೆಂಬರ್ 4ರ ಮೊದಲನೇ ದಾಳಿಯ ವಿವರ ಓದಿದೆ. ನೌಕಾಪಡೆ ದಿನ ಅಂತ ಆಚರಿಸುತ್ತಾರಲ್ಲ, ಅದೇ ದಾಳಿ. ಅವತ್ತು ಮುಳುಗಿದ ಪಾಕಿಸ್ತಾನದ ಖೈಬರ್ ಹಡಗಿಗೆ ಏನಾಯಿತೆಂದೇ ತಿಳಿಯಲಿಲ್ಲವಂತೆ. ಬಂದದ್ದು ವಿಮಾನ ಅಂದುಕೊಂಡರು. ವಿಮಾನ ದಾಳಿ ಮಾಡಿದೆ, ಒಂದನೇ ಬಾಯ್ಲರಿಗೆ ಪೆಟ್ಟು ಬಿದ್ದಿದೆ, ಹಡಗು ನಿಂತಿದೆ ಅಂತ ವೈರ್‌ಲೆಸ್ ಕಳಿಸಿದರು. ಎರಡನೇ ಮಿಸೈಲ್ ಎರಡನೇ ಬಾಯ್ಲರ್ ರೂಮಿಗೆ ಬಿತ್ತು.

ಓದುತ್ತಿದ್ದವನು ಕನ್ನಡಕ ತೆಗೆದಿಟ್ಟೆ. ಒಂದನೇ ಬಾಯ್ಲರಿಗೆ ಪೆಟ್ಟು ಅಂದರೆ ಏನು ಅಂತ ಓದುವ ಬೇರೆಯವರಿಗೆ ತಿಳಿಯಲಿಕ್ಕಿಲ್ಲ. ನನಗೆ ಗೊತ್ತು. ಅವರದೂ ಬ್ರಿಟಿಷರು ಕಟ್ಟಿದ ಹಡಗು, ನಮ್ಮದೂ ಬ್ರಿಟಿಷರು ಕಟ್ಟಿದ್ದೇ. ಅಲ್ಲೂ ಒಬ್ಬ ಹುಡುಗ ಗೇಜಿನ ಮುಳ್ಳು ನೋಡುತ್ತಾ ನಿಂತಿದ್ದ. ಅವನ ತಲೆಯ ಮೇಲೂ ಹ್ಯಾಚಿಗೆ ಕ್ಲಿಪ್ ಹಾಕಿತ್ತು. ಸ್ಟೀಮ್ ಪೈಪ್ ಒಡೆದರೆ ಏಣಿಯವರೆಗೂ ಹೋಗಲು ಆಗಲ್ಲ. ಇದನ್ನು ನಮಗೆ ಶಿವಾಜಿಯಲ್ಲಿ ಮೊದಲ ತಿಂಗಳೇ ಹೇಳಿಕೊಡುತ್ತಾರೆ. ಆ ಮಿಸೈಲ್ 40 ಕಿಲೋಮೀಟರ್ ದೂರದವರೆಗೂ ಹೋಗುತ್ತಿತ್ತು. ಬಿಟ್ಟವನಿಗೆ ಮುಖ ಕಾಣಲ್ಲ ಅನ್ನುವುದು ಸರಿ. ಆದರೆ ನನಗೆ ಮುಖ ಬೇಕಾಗಲಿಲ್ಲ, ಆ ಕೋಣೆಯ ಗುರುತಿತ್ತು. ಖೈಬರ್‌ನಲ್ಲಿ 200ಕ್ಕೂ ಹೆಚ್ಚು ಜನ ಸತ್ತರು.

ಕಾಯ್ದೆ ಇಲ್ಲದೆ ಇಲ್ಲ. ಕಾಳಗ ಮುಗಿದ ಮೇಲೆ ನೀರಿಗೆ ಬಿದ್ದವರು ಯಾರ ಕಡೆಯವರಾದರೂ ಸರಿ, ಹುಡುಕಿ ಎತ್ತಲು ಆದಷ್ಟೂ ಪ್ರಯತ್ನ ಮಾಡಬೇಕು ಅಂತ 1949ರ ಎರಡನೇ ಜಿನೀವಾ ಒಪ್ಪಂದ ಹೇಳುತ್ತದೆ. ಶತ್ರುವಿನ ಬಂದರಿನ ಬಾಗಿಲಲ್ಲಿ ನಿಂತ ಮಿಸೈಲ್ ದೋಣಿಗೆ ಅದು ಆಗುವ ಮಾತಾ? ನಿಂತರೆ ಅದೂ ಮುಳುಗುತ್ತದೆ. ತಿರುಗಿ ಓಡಿ ಬಂದದ್ದು ತಪ್ಪು ಅಂತ ನಾನು ಹೇಳಲಾರೆ. ಹಾಗಂತ ನೀರಿನಲ್ಲಿದ್ದವನಿಗೆ ಆ ಸಮಜಾಯಿಷಿ ಕೇಳಿಸಿರಲಿಕ್ಕಿಲ್ಲ.

ಇನ್ನು ವಾಸ್ಕೋದ ಕಥೆ. ಪಕ್ಕದ ಮನೆಯಲ್ಲಿ ಒಬ್ಬ ಹಿರಿಯ ಕ್ಯಾಥೊಲಿಕ್ ಇದ್ದರು. ಬ್ರಿಟಿಷ್ ಸರಕು ಹಡಗುಗಳಲ್ಲಿ ಅಡುಗೆಯವರಾಗಿ ಮೂವತ್ತು ವರ್ಷ ದುಡಿದವರು. ಸಂಜೆ ಅವರ ಬಲ್ಕಾಂವ್‌ನಲ್ಲಿ, ಅಂದರೆ ಗೋವಾದ ಮನೆಗಳ ಜಗುಲಿಯಲ್ಲಿ, ಇಬ್ಬರೂ ಕೂತು ಕೊಂಕಣಿಯಲ್ಲಿ ಬಡಾಯಿ ಕೊಚ್ಚುವುದು ವಾಡಿಕೆ. ಒಂದು ದಿನ ನಾಲ್ಕು ಮಿಸೈಲ್ ಕಥೆ ಹೇಳಿದೆ. ಒಂದು ಟ್ಯಾಂಕಿಗೆ, ಒಂದು ಅವರ ನೇವಿಯ ಎಣ್ಣೆ ಹಡಗಿಗೆ. ಉಳಿದ ಎರಡು ಯಾವುದಕ್ಕೆ ಅಂತ ಕೇಳಿದರು. ಪನಾಮ ಬಾವುಟದ ಗಲ್ಫ್ ಸ್ಟಾರ್ ಅಂತ ಒಂದು ಮುಳುಗಿತು, ಬ್ರಿಟನ್ನಿನ ಹರ್ಮಟ್ಟನ್ ಅಂತ ಇನ್ನೊಂದಕ್ಕೆ ಪೆಟ್ಟು ಬಿತ್ತು ಅಂದೆ.

ಅವರು ಲೋಟ ಕೆಳಗಿಟ್ಟರು. "ಅದರಲ್ಲಿ ಅಡುಗೆ ಮನೆ ಯಾವ ಕಡೆ ಇತ್ತು?" ಅಂದರು.

ನನಗೆ ಏನು ಹೇಳಬೇಕೋ ತೋಚಲಿಲ್ಲ. ರೇಡಾರಿನಲ್ಲಿ ದೊಡ್ಡ ಚುಕ್ಕೆ ಇದ್ದ ಕಡೆ ಮಿಸೈಲ್ ಹೋಗುತ್ತದೆ, ಚುಕ್ಕೆಗೆ ಬಾವುಟ ಇರಲ್ಲ ಅಂತ ಏನೇನೋ ಹೇಳಿದೆ. ಅವರು ಜಗಳ ಆಡಲಿಲ್ಲ. ಆ ರಾತ್ರಿ ಬಂದರಿನಲ್ಲಿ ತಾನೇ ಇರಬಹುದಿತ್ತು, ನಾಳೆಯ ಬೆಳಗಿನ ಬ್ರೆಡ್ಡಿಗೆ ಹಿಟ್ಟು ಕಲಸುತ್ತಾ ಅಂದರು, ಅಷ್ಟೇ.

ನಿಮ್ಮ ಎರಡನೇ ಪ್ರಶ್ನೆಗೂ ನನ್ನ ಪಾಲಿನದು ಹೇಳಿಬಿಡುತ್ತೇನೆ. ಪೂರ್ವ ಬಂಗಾಳದಲ್ಲಿ, ಅಂದರೆ ಈಗಿನ ಬಾಂಗ್ಲಾದೇಶದಲ್ಲಿ, ಕೊಲೆ ನಡೆಯುತ್ತಿತ್ತು, ಸುಮಾರು ಒಂದು ಕೋಟಿ ಜನ ಗಡಿ ದಾಟಿ ನಮ್ಮಲ್ಲಿಗೆ ಬಂದಿದ್ದರು. ಡಿಸೆಂಬರ್ 3ರಂದು ನಮ್ಮ ವಾಯುನೆಲೆಗಳ ಮೇಲೆ ಮೊದಲು ಬಾಂಬ್ ಹಾಕಿದ್ದು ಪಾಕಿಸ್ತಾನದವರು. ಆ ಯುದ್ಧ ಬೇಡವಾಗಿತ್ತು ಅಂತ ಇವತ್ತಿಗೂ ನಾನು ಹೇಳಲ್ಲ. ಮತ್ತೆ ಅದೇ ಬಾಯ್ಲರ್ ಮುಂದೆ ನಿಲ್ಲಿಸಿದರೆ ನಿಲ್ಲುತ್ತೇನೆ. ಯುದ್ಧ ಸರಿ ಇದ್ದ ಮಾತ್ರಕ್ಕೆ ಆ ಅಡುಗೆಯವನ ಲೆಕ್ಕ ಚುಕ್ತಾ ಆಯಿತು ಅಂತ ಮಾತ್ರ ಯಾರೂ ನನಗೆ ಹೇಳಬೇಡಿ.

ನವೆಂಬರ್ 2ರಂದು ಇಲ್ಲಿನ ಕ್ರಿಶ್ಚಿಯನ್ನರು ಸತ್ತವರ ಹೆಸರಲ್ಲಿ ಸಮಾಧಿಗಳ ಹತ್ತಿರ ಮೇಣದಬತ್ತಿ ಹಚ್ಚುತ್ತಾರೆ. ಆ ವರ್ಷ ನಮ್ಮ ನೆರೆಯವರು ಗೇಟಿನ ಹತ್ತಿರ ನಿಂತು, ಗಲ್ಫ್ ಸ್ಟಾರ್‌ಗೆ ಒಂದು ಬತ್ತಿ, ನಿನ್ನ ಖುಕ್ರಿಯವನಿಗೆ ಒಂದು ಅಂದರು. ಖೈಬರ್‌ನ ಬಾಯ್ಲರಿನವನಿಗೂ ಒಂದು ಇರಲಿ ಅಂದೆ.

"ಅವನು ಮುಸಲ್ಮಾನ ಅಲ್ವಾ, ನಡೆಯುತ್ತಾ?" ಅಂತ ಕೇಳಿದರು.

"ನನ್ನ ಗೆಳೆಯ ಲಿಂಗಾಯತ. ಅವನಿಗೆ ನಡೆದರೆ ಇವನಿಗೂ ನಡೆಯುತ್ತೆ" ಅಂದೆ.

ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ಕೈ ಚಾಚಿ, ಮೂರೂ ಬತ್ತಿಯ ದುಡ್ಡನ್ನು ನನ್ನಿಂದಲೇ ತೆಗೆದುಕೊಂಡರು.